ವಿಜ್ಞಾನ ಕೇಂದ್ರದ ವರ್ಕ್‌ಶಾಪಿನಲ್ಲಿ ಎಂಟು ವಾರ: ಹೋಗಬೇಕೇ, ಹೋದರೆ ಏನು ಕೇಳಬೇಕು?

ಪ್ರಶ್ನೆ: ನಾನು ಕಾರವಾರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಮನೆ ಶಿರಸಿ ಹತ್ತಿರದ ಹಳ್ಳಿ. ರಜೆಯಲ್ಲಿ ಎಂಟು ವಾರ ಒಂದು ವಿಜ್ಞಾನ ಕೇಂದ್ರದ ವರ್ಕ್‌ಶಾಪಿನಲ್ಲಿ, ಅಲ್ಲಿನ ಅನುಭವಿಗಳ ಕೈಕೆಳಗೆ ಪ್ರದರ್ಶಿಕೆ (ನೋಡಲು ಬಂದವರು ಮುಟ್ಟಿ, ತಿರುಗಿಸಿ ಕಲಿಯುವ ಮಾದರಿ) ತಯಾರಿಸುವ ಇಂಟರ್ನ್‌ಶಿಪ್ ಸಿಗುವಂತಿದೆ. ನಮ್ಮ ಕರಾವಳಿಯ ಯಾವುದಾದರೂ ವಿಷಯದ ಮೇಲೆ ಮಾಡಬೇಕೆಂಬ ಆಸೆ ನನ್ನದು. ಆದರೆ ಅಪ್ಪ, ‘ಶಾಲೆಯ ಮಕ್ಕಳಿಗೆ ಮಾದರಿ ಮಾಡಿಕೊಡುವುದಕ್ಕೆ ಎಂಜಿನಿಯರಿಂಗ್ ಓದಬೇಕೇ?’ ಎಂದು ಕೇಳುತ್ತಾರೆ. ಗೆಳತಿಯರೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಅರ್ಜಿ ಹಾಕಿದ್ದಾರೆ. ನಾನು ಹೋಗಬೇಕೇ? ಹೋದರೆ ಅಲ್ಲಿ ಏನು ಕೇಳಬೇಕು, ಏನು ಕಲಿಯಬೇಕು?

ಉತ್ತರ: ಹೋಗಿ. ಆದರೆ ಒಪ್ಪಿಗೆ ಕೊಡುವ ಮೊದಲು ಆ ಕೇಂದ್ರದವರಿಗೆ ಒಂದು ಪ್ರಶ್ನೆ ಕೇಳಿ: ‘ನಾನು ಮಾಡಿದ್ದನ್ನು ಮಕ್ಕಳು ಬಳಸುವಾಗ ಪಕ್ಕದಲ್ಲಿ ನಿಂತು ನೋಡಲು ನನಗೆ ದಿನಗಳು ಸಿಗುತ್ತವೆಯೇ?’ ಹೌದು ಎಂದರೆ ಬೇರೆ ಯಾವುದನ್ನೂ ಯೋಚಿಸದೆ ಚೀಲ ಕಟ್ಟಿ. ‘ನೀವು ಮಾಡಿಕೊಟ್ಟು ಹೋಗಿ, ಅಳವಡಿಸುವುದು ನಮ್ಮ ಕೆಲಸ’ ಎಂದರೆ ಎರಡು ಬಾರಿ ಯೋಚಿಸಿ. ಈ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಾಗಿ ಹೇಳುತ್ತಿದ್ದೇನೆ. ಪ್ರದರ್ಶಿಕೆ ತಯಾರಿಕೆಯಲ್ಲಿ ಕಲಿಯುವಂಥದ್ದು ಅರ್ಧಕ್ಕಿಂತ ಹೆಚ್ಚು ಇರುವುದು ಅದು ವರ್ಕ್‌ಶಾಪಿನ ಬಾಗಿಲು ದಾಟಿದ ಮೇಲೆ.

ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ತಪ್ಪು ಪ್ರಶ್ನೆಯಲ್ಲ. ವಿಜ್ಞಾನ ಮೇಳಕ್ಕೆ ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡುವುದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ. ಆ ಮಾದರಿ ಒಂದು ದಿನ ಬದುಕಿದರೆ ಸಾಕು, ಪಕ್ಕದಲ್ಲಿ ವಿವರಿಸಲು ಅದನ್ನು ಮಾಡಿದ ಮಗುವೇ ನಿಂತಿರುತ್ತದೆ. ವಿಜ್ಞಾನ ಕೇಂದ್ರದ ಪ್ರದರ್ಶಿಕೆಯ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಾಡಿದವರ ಹೆಸರೂ ಗೊತ್ತಿಲ್ಲದ ಮಗುವೊಂದು ಓಡಿ ಬರುತ್ತದೆ, ಫಲಕ ಓದುವುದಿಲ್ಲ, ಹಿಡಿಯನ್ನು ತಿರುಗಿಸಬೇಕಾದ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ಪೂರ್ತಿ ಬಲ ಹಾಕಿ ತಿರುಗಿಸುತ್ತದೆ, ಅದರ ಮೇಲೆ ತಮ್ಮನನ್ನು ಕೂರಿಸುತ್ತದೆ. ಶಾಲಾ ಪ್ರವಾಸದ ಮೂರು ಬಸ್ಸುಗಳು ಒಟ್ಟಿಗೆ ಬಂದ ದಿನ ಇದೇ ನೂರಾರು ಸಲ ನಡೆಯುತ್ತದೆ. ಇಷ್ಟಾದ ಮೇಲೂ ಅದು ಕೆಲಸ ಮಾಡಬೇಕು, ಯಾರ ಬೆರಳಿಗೂ ಗಾಯವಾಗಬಾರದು, ಕೊನೆಗೆ ಆ ಮಗುವಿಗೆ ಒಂದು ವಿಷಯ ತಾನಾಗಿ ಹೊಳೆಯಬೇಕು. ಬಳಕೆದಾರ ಸೂಚನೆ ಓದದೆ ಬಳಸುವ, ನೀವು ಪಕ್ಕದಲ್ಲಿಲ್ಲದಾಗ ಕೆಡುವ, ಬೇರೆಯವರು ದುರಸ್ತಿ ಮಾಡಬೇಕಾದ ಯಂತ್ರವನ್ನು ವಿನ್ಯಾಸ ಮಾಡುವುದಕ್ಕಿಂತ ಹೆಚ್ಚಿನ ಎಂಜಿನಿಯರಿಂಗ್ ತರಬೇತಿ ಯಾವುದಿದೆ ಎಂದು ತಂದೆಯವರನ್ನು ವಿನಯದಿಂದ ಕೇಳಿ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಗಟ್ಟಿಯಾದ ಪರಂಪರೆಯೂ ಇದೆ. ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ 1959ರಲ್ಲಿ ತೆರೆಯಿತು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಮೊದಲ ಗ್ಯಾಲರಿ ಜನರಿಗೆ ತೆರೆದದ್ದು 1965ರಲ್ಲಿ. 1978ರಲ್ಲಿ ಇವೆಲ್ಲ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿನ ಅಡಿಗೆ ಬಂದವು. ಹೊರಗಿನಿಂದ ಸಿದ್ಧ ಪ್ರದರ್ಶಿಕೆ ಕೊಂಡು ತಂದಿಡುವ ಬದಲು ಸ್ವಂತ ವರ್ಕ್‌ಶಾಪಿನಲ್ಲಿ ಬಡಗಿ, ವೆಲ್ಡರ್, ಎಲೆಕ್ಟ್ರೀಷಿಯನ್, ಕಲಾವಿದ, ಎಂಜಿನಿಯರ್ ಒಂದೇ ಸೂರಿನಡಿ ಕೂತು ಮಾಡುವ ಪದ್ಧತಿ ಅಲ್ಲಿ ಬೆಳೆಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಕಟ್ಟಿದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿ ವರ್ಕ್‌ಶಾಪನ್ನು ನೋಡುಗರ ಕಣ್ಣೆದುರೇ ಇಟ್ಟರು. ವೆಲ್ಡಿಂಗ್ ಮಾಡುವವನೂ ನೋಡಲು ಬಂದ ಮಗುವೂ ಒಂದೇ ಜಾಗದಲ್ಲಿ ಇರಬೇಕು ಎಂಬ ಆ ನಿರ್ಧಾರ ನನಗೆ ಇಂದಿಗೂ ಬಹಳ ಸರಿ ಎನಿಸುತ್ತದೆ.

ಇನ್ನು ನಿಮ್ಮ ಆಸೆಯ ವಿಷಯ. ಕರಾವಳಿಯ ಬಗ್ಗೆ ಮಾಡಬೇಕು ಎಂದಿದ್ದೀರಿ. ಈ ಮಾತು ಹೇಳಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲ ವಾರವೇ ತರುವ ನಕ್ಷೆ ಒಂದೇ: ನಡುವೆ ಭೂಮಿಯ ಗೋಳ, ಸುತ್ತ ಮೋಟಾರಿನಿಂದ ತಿರುಗುವ ಚಂದ್ರ, ಗುಂಡಿ ಒತ್ತಿದರೆ ನೀಲಿ ದೀಪ ಉಬ್ಬಿದಂತೆ ಕಾಣುವ ಭರತ, ಅಂದರೆ ಕಡಲಿನ ಉಬ್ಬರ. ದಯವಿಟ್ಟು ಅದನ್ನು ಮಾಡಬೇಡಿ. ಗುಂಡಿ ಒತ್ತಿದ ಮಗುವಿಗೆ ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ಚಂದ್ರ ಅರ್ಧ ಸುತ್ತು ಬರುವ ಮೊದಲೇ ಅದು ಮುಂದಿನ ಗುಂಡಿಯ ಹತ್ತಿರ ಓಡಿರುತ್ತದೆ. ಕೈ ಮಾಡಿದ್ದಕ್ಕೂ ಕಣ್ಣು ಕಂಡದ್ದಕ್ಕೂ ನೇರ ಸಂಬಂಧವಿದ್ದರೆ ಮಾತ್ರ ಮಗು ನಿಲ್ಲುತ್ತದೆ: ನಿಧಾನ ತಿರುಗಿಸಿದರೆ ಒಂದು, ಜೋರಾಗಿ ತಿರುಗಿಸಿದರೆ ಇನ್ನೊಂದು, ಹಿಂದಕ್ಕೆ ತಿರುಗಿಸಿದರೆ ಮತ್ತೊಂದು.

ಅದರ ಬದಲು ಕುಮಟಾ ಕಡೆ ಹೋಗಿ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಿ ಬನ್ನಿ. 2024ರ ಜನವರಿಯಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಪತ್ರಿಕೆಗಳಲ್ಲಿ ಓದಿರುತ್ತೀರಿ. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಇದೆಲ್ಲ ನಿಂತಿರುವುದು ಒಂದು ಮಣ್ಣಿನ ಕಟ್ಟೆ ಮತ್ತು ಅದರಲ್ಲಿನ ತೂಬಿನ ಬಾಗಿಲಿನ ಮೇಲೆ. ಆಚೆ ಬದಿಗೆ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರುವ ಸಮುದ್ರ, ಈಚೆ ಬದಿಗೆ ಮಳೆಯ ನೀರು. ಆ ಬಾಗಿಲಿನ ಮುಂದೆ ನಿಂತವರಿಗೆ ಬರಬೇಕಾದ ಪ್ರಶ್ನೆ ಇದು: ಆಚೆ ಇರುವುದು ಇಡೀ ಅರಬ್ಬೀ ಸಮುದ್ರ, ಇಷ್ಟು ಸಣ್ಣ ಹಲಗೆ ಅದನ್ನು ಹೇಗೆ ತಡೆಯುತ್ತದೆ?

ಉತ್ತರ ನಿಮಗೆ ಗೊತ್ತಿದೆ. ಬಾಗಿಲಿನ ಮೇಲಿನ ಒತ್ತಡಕ್ಕೆ ನೀರಿನ ಆಳ ಮಾತ್ರ ಲೆಕ್ಕ, ಹಿಂದೆ ನೀರು ಎಷ್ಟು ದೂರ ಹಬ್ಬಿದೆ ಎಂಬುದಲ್ಲ. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಬಾಗಿಲಿನ ಒಂದೇ ಬದಿಗೆ ಅಂಚಿನವರೆಗೆ ನೀರು ನಿಂತರೆ ಅದರ ಮೇಲೆ ಬೀಳುವ ಬಲ ಸುಮಾರು 500 ಕೆ.ಜಿ. ತೂಕಕ್ಕೆ ಸಮ. ಹಿಂದೆ ಇರುವುದು ಸಮುದ್ರವಾದರೂ ಅಷ್ಟೇ, ಒಂದು ಗೇಣು ಅಗಲದ ತೊಟ್ಟಿಯಾದರೂ ಅಷ್ಟೇ. ಪರೀಕ್ಷೆಯಲ್ಲಿ ಈ ಸೂತ್ರ ಬರೆದು ಅಂಕ ತೆಗೆದುಕೊಂಡವರೂ ಮನಸ್ಸಿನಲ್ಲಿ ಇದನ್ನು ನಂಬಿರುವುದಿಲ್ಲ. ಕೈಗೆ ಅನುಭವವಾಗದೆ ನಂಬಿಕೆ ಬರುವುದಿಲ್ಲ, ಅದಕ್ಕೇ ಇದು ಒಳ್ಳೆಯ ಪ್ರದರ್ಶಿಕೆಯ ವಿಷಯ.

ಕೆಲವು ವರ್ಷಗಳ ಹಿಂದೆ ನಾಲ್ವರು ಕಾಲೇಜು ವಿದ್ಯಾರ್ಥಿಗಳು ನನ್ನ ಕೈಕೆಳಗೆ ಇದನ್ನು ಮಾಡಿದರು. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಎಂಟು ವಾರ ಹೇಗಿರಬಹುದು ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನಲ್ಲಿಲ್ಲ.

ಅವರ ಯೋಜನೆ ಸರಳವಾಗಿತ್ತು. ಪಕ್ಕಪಕ್ಕದಲ್ಲಿ ಎರಡು ಅಕ್ರಿಲಿಕ್ ತೊಟ್ಟಿಗಳು, ಎರಡರ ಮುಂದೆಯೂ 20 ಸೆಂ.ಮೀ. ಚೌಕದ ಒಂದೇ ಅಳತೆಯ ಬಾಗಿಲು, ಎರಡರಲ್ಲಿಯೂ 20 ಸೆಂ.ಮೀ. ಆಳದ ನೀರು. ಒಂದು ತೊಟ್ಟಿ ಹಿಂದಕ್ಕೆ ಒಂದು ಮೀಟರ್ ಉದ್ದ, ಇನ್ನೊಂದು ಕೇವಲ 5 ಸೆಂ.ಮೀ. ಅಂದರೆ ಒಂದರಲ್ಲಿ 40 ಲೀಟರ್ ನೀರು, ಇನ್ನೊಂದರಲ್ಲಿ 2 ಲೀಟರ್. ಮಗು ಎರಡೂ ಬಾಗಿಲುಗಳನ್ನು ಒಂದೊಂದು ಕೈಯಿಂದ ಒಳಕ್ಕೆ ತಳ್ಳಬೇಕು. ಎರಡರ ಮೇಲೂ ಬಲ ಸುಮಾರು 4 ಕೆ.ಜಿ. ತೂಕದಷ್ಟು, ಮಗುವಿನ ಕೈಗೆ ಚೆನ್ನಾಗಿ ತಿಳಿಯುವಂಥದ್ದು. ನೀರು ಸೋರದಂತೆ ಬಾಗಿಲಿನ ಸುತ್ತ ರಬ್ಬರಿನ ಪೊರೆ ಹಾಕಿ, ಬಾಗಿಲು 5 ಮಿ.ಮೀ. ಒಳಗೆ ಸರಿಯುವಂತೆ ಮಾಡಿದ್ದರು. ನಕ್ಷೆ ನೋಡಿ ನಾನೂ ಒಪ್ಪಿದ್ದೆ.

ಪ್ಲೈವುಡ್ ಚೌಕಟ್ಟಿನ ಕಚ್ಚಾ ಮಾದರಿಯನ್ನು ಒಂದು ಹಳ್ಳಿ ಶಾಲೆಯ ಜಗುಲಿಯಲ್ಲಿಟ್ಟು, ಯಾರಿಗೂ ಏನೂ ಹೇಳದೆ ದೂರ ನಿಂತೆವು. ಆರನೆಯ ತರಗತಿಯ ಒಬ್ಬ ಹುಡುಗಿ ಎರಡು ಸಲ ತಳ್ಳಿದಳು, ಕೈ ಅದಲುಬದಲು ಮಾಡಿ ಮತ್ತೆ ತಳ್ಳಿದಳು, ಆಮೇಲೆ ಗೆಳತಿಗೆ ಹೇಳಿದಳು: ‘ಸಣ್ಣ ತೊಟ್ಟಿಯೇ ಹೆಚ್ಚು ಗಟ್ಟಿ.’ ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಹೋಗಿ ‘ಇಲ್ಲ, ಎರಡೂ ಒಂದೇ’ ಎಂದು ವಿವರಿಸಲು ಹೊರಟಿದ್ದ, ನಾನು ತಡೆದೆ.

ಏಕೆಂದರೆ ಹುಡುಗಿ ಹೇಳಿದ್ದು ನಿಜ. ಬಾಗಿಲು 5 ಮಿ.ಮೀ. ಒಳಗೆ ಹೋದಾಗ 200 ಮಿಲಿಲೀಟರ್ ನೀರು ಜಾಗ ಬಿಡಬೇಕು. ಉದ್ದನೆಯ ತೊಟ್ಟಿಯಲ್ಲಿ ಅದರಿಂದ ಮಟ್ಟ ಏರುವುದು ಒಂದು ಮಿ.ಮೀ., ಸಣ್ಣದರಲ್ಲಿ ಎರಡು ಸೆಂ.ಮೀ. ಆಳ ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ, ಅಲ್ಲಿಗೆ ಸಣ್ಣ ತೊಟ್ಟಿಯ ಬಾಗಿಲು ಸುಮಾರು ಶೇಕಡಾ 20ರಷ್ಟು ಗಟ್ಟಿಯಾಯಿತು. ನಮ್ಮ ಪ್ರದರ್ಶಿಕೆ ನಾವು ಹೇಳಬೇಕೆಂದದ್ದಕ್ಕೆ ವಿರುದ್ಧವಾದದ್ದನ್ನು ಕಲಿಸುತ್ತಿತ್ತು. ಐದು ಜನ ಎಂಜಿನಿಯರಿಂಗ್ ತಲೆಗಳಿಗೆ ಕಾಗದದ ಮೇಲೆ ಕಾಣದ್ದು ಒಂದು ಮಗುವಿನ ಅಂಗೈಗೆ ತಿಳಿಯಿತು. ಆ ಮಧ್ಯಾಹ್ನ ಆ ನಾಲ್ವರು ಕಲಿತದ್ದನ್ನು ನಾನು ತರಗತಿಯಲ್ಲಿ ಒಂದು ತಿಂಗಳು ಪಾಠ ಮಾಡಿದರೂ ಕಲಿಸಲಾಗುತ್ತಿರಲಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಹಿಂದೆ ಒಂದು ತಡೆ ಹಾಕಿ ಬಾಗಿಲಿನ ಓಟವನ್ನು ಒಂದು ಮಿ.ಮೀ.ಗೆ ಇಳಿಸಿದರು. ಆಗ ಸಣ್ಣ ತೊಟ್ಟಿಯ ಮಟ್ಟ ಏರುವುದು 4 ಮಿ.ಮೀ. ಮಾತ್ರ, ಬಲದ ವ್ಯತ್ಯಾಸ ಶೇಕಡಾ 4, ಅದು ಕೈಗೆ ತಿಳಿಯುವುದಿಲ್ಲ. ಆದರೆ ಹೊಸ ತೊಂದರೆ ಬಂತು. ಒಂದು ಮಿ.ಮೀ. ಸರಿದದ್ದು ಮಕ್ಕಳ ಕಣ್ಣಿಗೆ ಕಾಣಲಿಲ್ಲ, ‘ಇದು ಅಂಟಿಕೊಂಡಿದೆ’ ಎಂದು ಬಿಟ್ಟು ಹೋದರು. ಬಾಗಿಲು ತಡೆಗೆ ತಾಗಿದಾಗ ಟಕ್ ಎಂದು ಶಬ್ದವಾಗುವಂತೆ ಒಂದು ಹಿತ್ತಾಳೆಯ ತುಂಡು ಸೇರಿಸಿದರು. ಆ ಶಬ್ದ ಬಂದದ್ದೇ ತಡ, ಮಕ್ಕಳು ಎರಡೂ ಕಡೆ ಒಟ್ಟಿಗೆ ಟಕ್ ಅನ್ನಿಸುವ ಆಟ ಹೂಡಿದರು. ಒಟ್ಟಿಗೆ ಟಕ್ ಅನ್ನಬೇಕಾದರೆ ಎರಡೂ ಕೈಗೆ ಒಂದೇ ಬಲ ಬೇಕು. ಅದೇ ಅಲ್ಲವೇ ನಾವು ಹೇಳಬೇಕೆಂದಿದ್ದದ್ದು!

ಮಾರ್ಗದರ್ಶಕರಿಂದ ಏನು ನಿರೀಕ್ಷಿಸಬೇಕು ಎಂಬುದೂ ಈ ಕಥೆಯಲ್ಲೇ ಇದೆ. ಒಳ್ಳೆಯ ಮಾರ್ಗದರ್ಶಕರು ನಿಮ್ಮ ನಕ್ಷೆಯನ್ನು ತಿದ್ದಿ ಕೊಡುವವರಲ್ಲ. ಆದಷ್ಟು ಬೇಗ, ರಟ್ಟು ಮತ್ತು ಹಳೆಯ ಪ್ಲೈವುಡ್ಡಿನಲ್ಲಿಯೇ ಆಗಲಿ, ನಿಮ್ಮ ಕೆಲಸವನ್ನು ಮಕ್ಕಳ ಮುಂದೆ ಇಡಿಸುವವರು, ಇಟ್ಟ ಮೇಲೆ ನಿಮ್ಮನ್ನು ಬಾಯಿ ಮುಚ್ಚಿಸಿ ನಿಲ್ಲಿಸುವವರು. ಎರಡನೆಯ ವಾರ ಮುಗಿಯುವುದರೊಳಗೆ ಏನೋ ಒಂದು ಕಚ್ಚಾ ಮಾದರಿ ಮಕ್ಕಳ ಕೈಗೆ ಹೋಗಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಿ. ಆರು ವಾರ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಬರೆಸಿ, ಕೊನೆಯ ವಾರ ತಯಾರಿಕೆ ಎನ್ನುವ ಕಡೆ ನಿಮಗೆ ಸಾಫ್ಟ್‌ವೇರ್ ಕೈ ಹಿಡಿಯುತ್ತದೆ, ಈ ವಿದ್ಯೆ ಹಿಡಿಯುವುದಿಲ್ಲ. ಹಣ ಕಟ್ಟಿಸಿಕೊಂಡು ಪ್ರಮಾಣಪತ್ರ ಕೊಡುವ ಕಡೆಗಂತೂ ಕಾಲಿಡಬೇಡಿ.

ಮಾರ್ಗದರ್ಶಕ ಎಂದರೆ ಎಂಜಿನಿಯರ್ ಎಂದೇ ತಿಳಿಯಬೇಡಿ. ನನಗೆ ಕಲಿಸಿದವರಲ್ಲಿ ಒಬ್ಬರು ಬಡಗಿ, ದೋಣಿ ಕಟ್ಟುವ ಮನೆತನದವರು. ಕಾರವಾರದ ಗಾಳಿ ಯಾವ ಸ್ಕ್ರೂವನ್ನು ಎಷ್ಟು ಮಳೆಗಾಲಕ್ಕೆ ತಿನ್ನುತ್ತದೆ ಎಂದು ಅವರಿಗೆ ಬಾಯಿಪಾಠವಾಗಿತ್ತು. ನಿಮ್ಮ ಶಿರಸಿಯಲ್ಲಿ ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವರ ಬಳಿ ಒಂದು ದಿನ ಕೂತು ನೋಡಿ: ಯಾವ ಬೇರಿಂಗ್ ಮೊದಲು ಹೋಗುತ್ತದೆ, ಬೆಲ್ಟಿಗೆ ಕೈ ಸಿಗದಂತೆ ಮುಚ್ಚಳ ಹೇಗೆ ಹಾಕುತ್ತಾರೆ, ಹತ್ತು ನಿಮಿಷದಲ್ಲಿ ಬಿಚ್ಚಿ ಜೋಡಿಸಲು ಬರುವಂತೆ ನಟ್ಟುಗಳು ಎಲ್ಲಿವೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು ಹತ್ತುವಾಗ ಅದರ ಸರಳುಗಳನ್ನು ಗಮನಿಸಿ, ಸಾವಿರಾರು ಕೈ ಹಿಡಿದ ಜಾಗದಲ್ಲಿ ಬಣ್ಣ ಎಲ್ಲಿ ಹೋಗಿದೆ ಎಂಬುದೇ ಜನ ನಿಜವಾಗಿ ಎಲ್ಲಿ ಹಿಡಿಯುತ್ತಾರೆ ಎಂಬುದರ ನಕ್ಷೆ. ಯಕ್ಷಗಾನದ ಕಿರೀಟ ಮಾಡುವವರಿಗೆ ಹಗುರವಾಗಿಯೂ ಗಟ್ಟಿಯಾಗಿಯೂ ಕಟ್ಟುವುದು ಗೊತ್ತು. ಇವರಾರೂ ನಿಮ್ಮ ಇಂಟರ್ನ್‌ಶಿಪ್ ಅರ್ಜಿಯಲ್ಲಿ ಮಾರ್ಗದರ್ಶಕರಾಗಿ ಸಹಿ ಹಾಕುವುದಿಲ್ಲ, ಆದರೆ ಪುಸ್ತಕ ಹಿಡಿದು ಅವರ ಮುಂದೆ ಕೂರುವುದಕ್ಕೆ ಯಾರ ಸಹಿಯೂ ಬೇಕಿಲ್ಲ.

ಸಾಮಗ್ರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನೀವು ಓದುತ್ತಿರುವ ಊರಿನಲ್ಲೇ ಇದರ ಪಾಠಶಾಲೆ ಇದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ಐ.ಎನ್.ಎಸ್. ಚಪಲ್ ಯುದ್ಧನೌಕೆಗೆ ಮತ್ತೊಮ್ಮೆ ಹೋಗಿ, ಈ ಸಲ ಕ್ಷಿಪಣಿಗಳನ್ನು ಬಿಟ್ಟು ಬೆಸುಗೆಯ ಗೆರೆಗಳನ್ನು, ಬೋಲ್ಟಿನ ತಲೆಗಳನ್ನು, ನೀರು ನಿಲ್ಲುವ ಮೂಲೆಗಳನ್ನು ನೋಡಿ. ಉಪ್ಪುಗಾಳಿ ಮೊದಲು ಬಾಯಿ ಹಾಕುವುದು ಅಲ್ಲಿಗೇ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಸಾಧಾರಣ ಉಕ್ಕಿನ ಚೌಕಟ್ಟು ಇಲ್ಲಿ ಮೂರನೆಯ ಮಳೆಗಾಲಕ್ಕೆ ಬಣ್ಣದೊಳಗಿನಿಂದ ಉಬ್ಬುತ್ತದೆ. ಸ್ಟೇನ್‌ಲೆಸ್ ಎಂದು ಬರೆದುಕೊಂಡು ಸುಮ್ಮನಾಗಬೇಡಿ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ 304 ದರ್ಜೆಗೂ ಕಡಲ ಬದಿಯಲ್ಲಿ ಕಂದು ಕಲೆ ಬೀಳುತ್ತದೆ, ಮಾಲಿಬ್ಡಿನಂ ಸೇರಿದ 316 ದರ್ಜೆ ಹೆಚ್ಚು ತಾಳುತ್ತದೆ, ಬೆಲೆಯೂ ಹೆಚ್ಚು. ಮರದ ನಾರನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ ನೋಡಲು ನುಣುಪು, ಕೊರೆಯಲು ಸುಲಭ, ಆದರೆ ಜುಲೈ ತಿಂಗಳ ತೇವಕ್ಕೆ ಅಂಚಿನಿಂದ ಹಪ್ಪಳದಂತೆ ಉಬ್ಬುತ್ತದೆ. ಮರೈನ್ ಪ್ಲೈವುಡ್ ತೆಗೆದುಕೊಂಡು ಕತ್ತರಿಸಿದ ಅಂಚಿಗೆಲ್ಲ ಎಪಾಕ್ಸಿ ಹಚ್ಚಿ. ನೀರಿನ ಪ್ರದರ್ಶಿಕೆಯಾದರೆ ಪಾಚಿ ಮತ್ತು ಸೊಳ್ಳೆ ನಿಮ್ಮ ಖಾಯಂ ಸಂದರ್ಶಕರು, ತೊಟ್ಟಿಯನ್ನು ಒಬ್ಬರೇ ಖಾಲಿ ಮಾಡಿ ಒರೆಸಲು ಬರುವಂತೆ ತಳದಲ್ಲಿ ನಲ್ಲಿ ಇಡಿ. ವಿದ್ಯುತ್ ಬೇಕೇ ಬೇಕಾದರೆ ಮಗುವಿನ ಕೈ ತಲುಪುವ ಭಾಗದಲ್ಲಿ 12 ಅಥವಾ 24 ವೋಲ್ಟ್‌ನ ನೇರ ವಿದ್ಯುತ್ (ಡಿ.ಸಿ.) ಮಾತ್ರ ಇರಲಿ. ವಿದ್ಯುತ್ ಇಲ್ಲದೆ ಆಗುವುದಾದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟ್ ಹೋದ ಮಧ್ಯಾಹ್ನವೂ ಶಾಲೆಯ ಬಸ್ಸು ಬರುತ್ತದೆ.

ಹಿಡಿ ಎಷ್ಟು ಎತ್ತರದಲ್ಲಿರಬೇಕು ಎಂದು ಅಂತರ್ಜಾಲದಲ್ಲಿ ಹುಡುಕಬೇಡಿ. ಟೇಪು ಹಿಡಿದು ಹತ್ತಿರದ ಶಾಲೆಗೆ ಹೋಗಿ ನಾಲ್ಕನೆಯ ಮತ್ತು ಎಂಟನೆಯ ತರಗತಿಯ ಮಕ್ಕಳ ಮೊಣಕೈ ಎತ್ತರ ಅಳೆದು ಬನ್ನಿ.

ಫಲಕದ ಬಗ್ಗೆ ನನಗೆ ಬಹಳ ಸಿಟ್ಟಿದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪ್ರದರ್ಶಿಕೆಗೆ ಎಂಟು ವಾರ ಕೊಟ್ಟವರು ಫಲಕಕ್ಕೆ ಕೊನೆಯ ದಿನದ ಎರಡು ಗಂಟೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಬರೆದು, ಯಾರಿಂದಲೋ ಕನ್ನಡಕ್ಕೆ ತಿರುಗಿಸಿ, ‘ದ್ರವಸ್ಥಿತಿಕ ಒತ್ತಡವು ಆಳಕ್ಕೆ ಅನುಲೋಮಾನುಪಾತದಲ್ಲಿರುತ್ತದೆ’ ಎಂದು ನೇತು ಹಾಕುತ್ತಾರೆ. ಈ ವಾಕ್ಯದಲ್ಲಿ ತಪ್ಪಿಲ್ಲ, ಆದರೆ ಕಾರವಾರದ ಕೋಡಿಬಾಗದ ಯಾವ ಮಗುವೂ ಇದನ್ನು ಓದಿ ಬಾಗಿಲನ್ನು ತಳ್ಳುವುದಿಲ್ಲ. ನಿಮ್ಮ ಫಲಕವನ್ನು ಕನ್ನಡದಲ್ಲೇ ಮೊದಲು ಬರೆಯಿರಿ. ಮೊದಲ ಸಾಲು ಏನು ಮಾಡಬೇಕು ಎಂದು ಹೇಳಲಿ, ಎರಡನೆಯದು ಏನು ಗಮನಿಸಬೇಕು ಎಂದು ಕೇಳಲಿ: ‘ಎರಡೂ ಬಾಗಿಲುಗಳನ್ನು ಒಟ್ಟಿಗೆ ತಳ್ಳಿ. ಯಾವುದು ಹೆಚ್ಚು ಗಟ್ಟಿ?’ ವಿವರಣೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಒಟ್ಟು ಐವತ್ತು ಪದ ಮೀರದಂತೆ. ಗಜನಿ, ಕಟ್ಟೆ, ತೂಬು, ಭರತ, ಇಳಿತ ಇವೆಲ್ಲ ನಮ್ಮ ಮಕ್ಕಳು ಮನೆಯಲ್ಲಿ ಕೇಳಿದ ಪದಗಳು, ಅವುಗಳನ್ನು ಬಳಸಲು ಸಂಕೋಚ ಬೇಡ. ಕಾರವಾರದಲ್ಲಿ ಮನೆಮಾತು ಕೊಂಕಣಿಯಾದ ಮಕ್ಕಳೇ ಬಹಳ, ಹಾಗಾಗಿ ಅಂಥ ಒಂದೆರಡು ಮಕ್ಕಳಿಂದ ಗಟ್ಟಿಯಾಗಿ ಓದಿಸಿ ನೋಡಿ. ಅವರು ಎಡವಿದ ಪದವನ್ನು ತೆಗೆದುಹಾಕಿ.

ಕೆಲಸದ ಭವಿಷ್ಯದ ಬಗ್ಗೆ ತಂದೆಯವರಿಗೆ ಸುಳ್ಳು ಭರವಸೆ ಕೊಡಲಾರೆ. ವಿಜ್ಞಾನ ಕೇಂದ್ರಗಳಲ್ಲಿ ಹುದ್ದೆಗಳು ಕಡಿಮೆ. ಆದರೆ ಉತ್ಪನ್ನ ವಿನ್ಯಾಸ, ಉಪಕರಣ ತಯಾರಿಕೆ, ಪ್ರದರ್ಶನ ನಿರ್ಮಾಣ, ಎಲ್ಲ ಕಡೆಯೂ ಸಂದರ್ಶನದಲ್ಲಿ ಕೇಳುವ ಪ್ರಶ್ನೆ ಒಂದೇ: ‘ನೀವು ಕೈಯಾರೆ ಮಾಡಿದ್ದು ಏನು, ಅದರಲ್ಲಿ ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ?’ ಅದಕ್ಕೆ ದಿನಚರಿಯೊಂದನ್ನು ಇಡಿ. ಪ್ರತಿ ಮುರಿದ ಭಾಗದ ಫೋಟೋ, ಎಷ್ಟು ಹೊತ್ತಿಗೆ ಮುರಿಯಿತು, ಆಗ ಮಗು ಏನು ಮಾಡುತ್ತಿತ್ತು, ನೀವು ಏನು ಬದಲಿಸಿದಿರಿ. ಆ ನಾಲ್ವರಲ್ಲಿ ಒಬ್ಬಳು ಸಂದರ್ಶನಕ್ಕೆ ಪ್ರಮಾಣಪತ್ರದ ಜೊತೆ ಆ ಒಂದು ಮಿ.ಮೀ. ತಡೆಯ ಹಿತ್ತಾಳೆ ತುಂಡನ್ನೂ ಒಯ್ದಿದ್ದಳು. ಮಾತೆಲ್ಲ ಅದರ ಸುತ್ತಲೇ ನಡೆಯಿತಂತೆ, ಕೆಲಸವೂ ಸಿಕ್ಕಿತು.

ಕೊನೆಯ ವಾರ ಎರಡು ದಿನವನ್ನು ಪೂರ್ತಿಯಾಗಿ ಪ್ರದರ್ಶಿಕೆಯನ್ನು ಕೇಂದ್ರದವರಿಗೆ ಒಪ್ಪಿಸಿಕೊಡುವ ಕೆಲಸಕ್ಕೆ ಇಟ್ಟುಕೊಳ್ಳಿ. ನಕ್ಷೆಗಳು, ಬಿಡಿಭಾಗಗಳ ಪಟ್ಟಿ, ಯಾವ ಅಂಗಡಿಯಲ್ಲಿ ಯಾವ ಅಳತೆಯ ರಬ್ಬರ್ ಪೊರೆ ಸಿಕ್ಕಿತು, ಎರಡು ಹೆಚ್ಚುವರಿ ಪೊರೆ, ನಾಲ್ಕು ಹೆಚ್ಚುವರಿ ಬೋಲ್ಟು, ಬಿಚ್ಚುವ ಕ್ರಮ, ಇವೆಲ್ಲವನ್ನೂ ಪ್ರದರ್ಶಿಕೆಯ ಹಿಂಬದಿಯಲ್ಲಿ ಒಂದು ಡಬ್ಬಿಯಲ್ಲಿಟ್ಟು, ರಿಪೇರಿ ಮಾಡುವವರ ಎದುರೇ ಒಮ್ಮೆ ಬಿಚ್ಚಿ ಜೋಡಿಸಿ, ಆಮೇಲೆ ಅವರಿಂದ ಮಾಡಿಸಿ ನೋಡಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಒಮ್ಮೆ ಹೋಗಿ ಬನ್ನಿ. ಯಾವುದು ತುಕ್ಕು ಹಿಡಿದಿದೆ, ಯಾವುದು ಸವೆದಿದೆ, ಮಕ್ಕಳು ನಿಮಗೆ ತೋಚದ ಯಾವ ಆಟ ಕಂಡುಹಿಡಿದಿದ್ದಾರೆ ಎಂದು ಬರೆದುಕೊಳ್ಳಿ, ನನಗೂ ಒಂದು ಪ್ರತಿ ಕಳುಹಿಸಿ.